ಸೂಟ್‌ಕೇಸಿನ ಹದಿನೇಳನೆಯ ಐಟಮ್

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಗಂಡಸರ ಸಾಮಾನಿಗೆ ಜಾಗವಿಲ್ಲ ಎಂದು ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಡಿಪೋರ್ಟ್‌ಮೆಂಟ್ ಎಂಬ ನಡೆನುಡಿಯ ಶಿಸ್ತು ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ವಾರಕ್ಕೊಮ್ಮೆ ನಮ್ಮ ಚೀಲಗಳನ್ನು ಮೇಜಿನ ಮೇಲೆ ಸುರಿಸಿ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಒಂದು ಕರ್ಚೀಫು, ಬಾಚಣಿಗೆ, ಪೆನ್ನು, ಪುಟ್ಟ ನೋಟ್‌ಬುಕ್ಕು. ಅದಕ್ಕಿಂತ ಹೆಚ್ಚಿನದೇನಾದರೂ ಉದುರಿದರೆ ಅದನ್ನು ಸತ್ತ ಜಿರಳೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಒಮ್ಮೆ ನನ್ನ ಚೀಲದಿಂದ ಕಚ್ಚಿ ಇಟ್ಟಿದ್ದ ನೆಲ್ಲಿಕಾಯಿ ಉದುರಿತು. ಆ ಅವಮಾನ ಅರವತ್ತು ವರ್ಷವಾದರೂ ಇಳಿದಿಲ್ಲ. ಹಾಗಾಗಿ ನಮ್ಮ ಯಜಮಾನರು ಎಲ್ಲಿಗಾದರೂ ಹೊರಟಾಗ ಕನ್ನಡಕದ ಡಬ್ಬಿಯನ್ನು ನನ್ನತ್ತ ಚಾಚಿದರೆ ನನ್ನದು ಒಂದೇ ಉತ್ತರ: “ನಿಮಗೆ ಜೇಬಿಲ್ಲವಾ?”

ಅವರಿಗೆ ಜೇಬುಗಳೂ ಇದ್ದವು, ಜೇಬಿನ ತುಂಬ ಪಟ್ಟಿಗಳೂ ಇದ್ದವು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಪೇಂಟ್ ಫ್ಯಾಕ್ಟರಿಯಲ್ಲಿ ಅವರು ಇಡೀ ಆಯುಷ್ಯ ಡಿಸ್ಪ್ಯಾಚ್ ನೋಡಿಕೊಂಡವರು. ಲಾರಿಗೆ ಏರುವ ಪ್ರತಿ ಡಬ್ಬಿಗೂ ನಂಬರು, ಪ್ರತಿ ಪೆಟ್ಟಿಗೆಗೂ ಪ್ಯಾಕಿಂಗ್ ಲಿಸ್ಟು. ರಿಟೈರ್ ಆದ ಮೇಲೆ ಕಳಿಸಲು ಪೇಂಟ್ ಇರಲಿಲ್ಲ, ನಾವಿದ್ದೆವು. ಊರಿಗೆ ಹೊರಟರೆ ಸೂಟ್‌ಕೇಸಿನ ಮುಚ್ಚಳದ ಒಳಗೆ ಟೇಪು ಹಚ್ಚಿ ಒಂದು ಪಟ್ಟಿ ಅಂಟಿಸುತ್ತಿದ್ದರು. ಕಾರ್ಬನ್ ಇಟ್ಟು ಬರೆದದ್ದು. ಎರಡನೆಯ ಪ್ರತಿ ಅವರ ಶರ್ಟಿನ ಜೇಬಿಗೆ, ಮೂರನೆಯದು ಮನೆಯ ಫೈಲಿಗೆ. ಎಲ್ಲ ಇಂಗ್ಲಿಷಿನಲ್ಲಿ, ಕ್ಯಾಪಿಟಲ್ ಅಕ್ಷರಗಳಲ್ಲಿ. ಪೆಟ್ಟಿಕೋಟ್, ಅಸಾರ್ಟೆಡ್, ನಾಲ್ಕು. ಹಲ್ಲಿನ ಸೆಟ್, ಸ್ಪೇರ್, ಒಂದು.

“ನನ್ನ ಪೆಟ್ಟಿಕೋಟಿನ ಲೆಕ್ಕ ಯಾರಿಗೆ ಬೇಕಾಗಿದೆ?” ಎಂದು ಕೇಳಿದ್ದೆ.

“ಕಸ್ಟಮ್ಸ್‌ನವನು ಕೇಳಿದ್ರೆ?”

“ಕೇಳುವಂಥ ಕಸ್ಟಮ್ಸ್‌ನವನಿಗೆ ಕಪಾಳಕ್ಕೆ ಕೊಡ್ತೀನಿ.”

ಅವರು ನಗುತ್ತಿರಲಿಲ್ಲ. ಡಾಕ್ಯುಮೆಂಟೇಶನ್ ವಿಷಯದಲ್ಲಿ ಅವರಿಗೆ ಹಾಸ್ಯ ಹಿಡಿಸುತ್ತಿರಲಿಲ್ಲ.

ಇನ್ನು ಸಿಗರೇಟು. ಸತ್ಯ ಹೇಳಬೇಕೆಂದರೆ, ಒಂದು ಕಾಲಕ್ಕೆ ಅದು ಅವರಿಗೆ ಒಪ್ಪುತ್ತಿತ್ತು. ನಾನು ಹೊಸದಾಗಿ ನೈರೋಬಿಯ ಪಂಗಾನಿ ಬಡಾವಣೆಯ ಮೂರನೆಯ ಮಹಡಿಯ ಮನೆಗೆ ಬಂದಾಗ, ಸಂಜೆ ಫ್ಯಾಕ್ಟರಿಯಿಂದ ಬಂದವರು ಬಾಲ್ಕನಿಯಲ್ಲಿ ತೋಳು ಮಡಚಿ ನಿಂತು ಸೇದುತ್ತಿದ್ದರೆ, ಟರ್ಪೆಂಟೈನ್ ವಾಸನೆಯೂ ತಂಬಾಕಿನ ವಾಸನೆಯೂ ಬೆರೆತು ಒಳಗೆ ಬರುತ್ತಿತ್ತು. ನಾನು ಈರುಳ್ಳಿ ಹೆಚ್ಚುವ ನೆಪದಲ್ಲಿ ಕಿಟಕಿಯ ಹತ್ತಿರವೇ ಕೂರುತ್ತಿದ್ದೆ. ಹಾಗೆ ಕೂತಿದ್ದ ಹುಡುಗಿ ಯಾರೋ ಏನೋ, ಈಗ ಅವಳ ಪರಿಚಯ ನನಗಿಲ್ಲ. ಅದೇ ಮೂರು ಮಹಡಿಯನ್ನು ಅವರು ಪ್ರತಿ ತಿರುವಿನಲ್ಲೂ ನಿಂತು, ರೇಲಿಂಗ್ ಹಿಡಿದು, ಕೆಮ್ಮಿ ಏರುವ ಹಾಗಾಯಿತು. ಎದೆಗೆ ಸ್ಟೆಂಟ್ ಬಿತ್ತು. ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕಿನಲ್ಲಿ ನಮ್ಮ ಮಂಗಳೂರು ಕಡೆಯ ಡಾಕ್ಟರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, “ಇನ್ನೊಂದು ಸಲ ಸಿಗರೇಟ್ ಹಿಡಿದ್ರೆ ನನ್ನ ಹತ್ರ ಬರ್ಬೇಡಿ ಸರ್, ಸೀದಾ ಪುರೋಹಿತರ ಹತ್ರ ಹೋಗಿ” ಎಂದರು.

ಬಿಟ್ಟರು. ಹನ್ನೊಂದು ದಿನ. ಹನ್ನೆರಡನೆಯ ದಿನ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ, ಎಪ್ಪತ್ತೈದಕ್ಕೆ ಹತ್ತಿರವಾಗಿದ್ದ ನನ್ನ ಗಂಡ ವಾಚ್‌ಮನ್ನಿನ ಹತ್ತಿರ ಬೇಡಿಕೊಂಡ ಸಿಗರೇಟನ್ನು ಕೈಯಲ್ಲಿ ಮರೆಮಾಡಿ ನಿಂತಿದ್ದರು. ನನ್ನನ್ನು ಕಂಡು ಅದನ್ನು ಜೇಬಿಗೆ ಹಾಕಿಕೊಂಡರು. ಉರಿಯುತ್ತಿದ್ದದ್ದನ್ನು. ಶರ್ಟಿನ ಜೊತೆ ಒಂದು ಪ್ಯಾಕಿಂಗ್ ಲಿಸ್ಟೂ ಸುಟ್ಟುಹೋಯಿತು.

ಆಮೇಲೆ ಬಂದದ್ದು ಆ ಪೀಪಿ.

ತಂದುಕೊಟ್ಟವರು ಬೆಂಗಳೂರಿನಿಂದ ಕಂಪನಿ ಪೋಸ್ಟಿಂಗ್ ಮೇಲೆ ಬಂದಿದ್ದ ಒಬ್ಬ ಟೆಲಿಕಾಂ ಮ್ಯಾನೇಜರ್. ಯುಗಾದಿ ಊಟದಲ್ಲಿ ಪರಿಚಯ. ನಲವತ್ತರ ಆಸುಪಾಸು, ಹೊಟ್ಟೆಯ ಮೇಲೆ ಬಿಗಿದ ಟೀ ಶರ್ಟು, ತಿಂಗಳಿಗೊಮ್ಮೆ ವಿಮಾನ ಹತ್ತುವುದರಿಂದ ಪ್ರಪಂಚದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬ ನಂಬಿಕೆ. ಈ ಜಾತಿಯವರು ಎರಡು ವರ್ಷಕ್ಕೆ ಬರುತ್ತಾರೆ, ಮೊದಲ ವಾರವೇ ಐವತ್ತು ವರ್ಷ ಇಲ್ಲಿರುವ ನಮಗೆ ನೈರೋಬಿ ಪರಿಚಯ ಮಾಡಿಸುತ್ತಾರೆ. ನಮ್ಮ ಸೋಫಾದ ಮೇಲೆ ಕೂತು, ಜೇಬಿನಿಂದ ಕಪ್ಪು ಕೊಳವೆಯೊಂದನ್ನು, ಎಲೆಕ್ಟ್ರಾನಿಕ್ ಸಿಗರೇಟಂತೆ ಅದು, ತೆಗೆದು ಚೀಪಿದರು. ಮನೆ ತುಂಬ ಅಗ್ಗದ ಮಿಠಾಯಿ ವಾಸನೆ.

“ಇದು ಬರೀ ಸ್ಟೀಮ್ ಆಂಟಿ. ಇಡ್ಲಿ ಪಾತ್ರೆ ಥರ.”

“ಹಾಗಾದ್ರೆ ನಮ್ಮ ಇಡ್ಲಿ ಪಾತ್ರೆ ಮುಂದೇನೇ ಕೂತ್ಕೊಳ್ಳಲಿ ಬಿಡಿ. ಅದಕ್ಕೆ ಬ್ಯಾಟರಿ ಬೇಡ.”

“ಆಂಟಿ ಸಖತ್ ಜೋಕ್ ಮಾಡ್ತಾರೆ” ಎಂದರು ಅವರು, ನನಗಲ್ಲ, ಯಜಮಾನರಿಗೆ.

ಯಜಮಾನರು ಆಗಲೇ ಕೊಳವೆಯನ್ನು ತಿರುಗಿಸಿ ಸೀರಿಯಲ್ ನಂಬರ್ ಎಲ್ಲಿದೆ ಎಂದು ಹುಡುಕುತ್ತಿದ್ದರು.

ನಾನು ಅದನ್ನು ದ್ವೇಷಿಸಿದ್ದು ಸುಳ್ಳಲ್ಲ. ಸಿಗರೇಟಿನಲ್ಲಿ ಕನಿಷ್ಠ ಒಂದು ಗಾಂಭೀರ್ಯವಿತ್ತು, ಅದು ಮುಗಿಯುತ್ತಿತ್ತು. ಇದಕ್ಕೆ ಆದಿ ಅಂತ್ಯಗಳಿಲ್ಲ. ಮಗುವಿನ ಬಾಯಲ್ಲಿ ನಿಪ್ಪಲ್ ಇದ್ದ ಹಾಗೆ ದಿನವಿಡೀ ಬಾಯಲ್ಲಿ. ಅವರು ಆರಿಸಿದ ವಾಸನೆಯಾದರೂ ಯಾವುದು, ಕಲ್ಲಂಗಡಿ. ವಾಟರ್‌ಮೆಲನ್. ಯೌವನದಲ್ಲಿ ಕಲ್ಲಂಗಡಿ ಹಣ್ಣು ಕೊಟ್ಟರೆ ಬೀಜ ಯಾರು ಉಗುಳುತ್ತಾ ಕೂರುತ್ತಾರೆ ಎನ್ನುತ್ತಿದ್ದ ಮನುಷ್ಯ. ರಾತ್ರಿ ಚಾರ್ಜಿಗೆ ಹಾಕಿದರೆ ಒಂದು ನೀಲಿ ದೀಪ ನನ್ನ ತಲೆದಿಂಬಿನ ಹತ್ತಿರವೇ ಮಿಣುಕುತ್ತಿತ್ತು. ಡಾಕ್ಟರ ಹತ್ತಿರ ದೂರು ಒಯ್ದೆ.

“ಇದು ಒಳ್ಳೇದು ಅಂತ ನಾನೇನೂ ಬರ್ಕೊಡಲ್ಲಮ್ಮ” ಎಂದರು ಡಾಕ್ಟರು. “ಆದ್ರೆ ಸಿಗರೇಟ್ ಮುಟ್ಟದೆ ಐದು ತಿಂಗ್ಳಾಯ್ತಲ್ಲ. ಈಗ ಅದನ್ನ ಕೆಡಿಸ್ಬೇಡಿ.”

ಐದು ತಿಂಗಳು. ಆಗ ಬಂತು ಬೆಂಗಳೂರಿನಿಂದ ಕರೆ. ಯಜಮಾನರ ಅಣ್ಣ, ಅಂದರೆ ನನ್ನ ಭಾವನವರಿಗೆ ಎಂಬತ್ತು ತುಂಬಿ ಶಾಂತಿ ಮಾಡಿಸುತ್ತಿದ್ದರು. ನಾವು ಮೂರು ವಾರ ಹೋಗಿ ಇರಬೇಕಿತ್ತು. ನನಗೆ ಹೋಮದ ಹೊಗೆಯ ಚಿಂತೆಯಿರಲಿಲ್ಲ. ಭಾವನವರ ಫ್ಲ್ಯಾಟಿನ ಟೆರೇಸಿನ ಚಿಂತೆ ಇತ್ತು. ಯಜಮಾನರಿಗೆ ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಸಿಗರೇಟು ಹಚ್ಚಿಕೊಟ್ಟವರೇ ಆ ಅಣ್ಣ. ಎಂಬತ್ತಾದರೂ ಸೇದುತ್ತಾರೆ, ಏನೂ ಆಗಿಲ್ಲ ಎಂದು ಬೀಗುತ್ತಾರೆ, ಪ್ರತಿ ಸಂಜೆ ತಮ್ಮನನ್ನು “ಬಾರೋ ಮೇಲೆ” ಎಂದು ಕರೆಯುತ್ತಾರೆ. ಅಣ್ಣ ಕರೆದರೆ ಇವರು ಇಲ್ಲವೆಂದದ್ದನ್ನು ನಾನು ಕಂಡಿಲ್ಲ. ಪೀಪಿ ಕೈಯಲ್ಲಿದ್ದರೆ ಉಳಿದಾರು, ಇಲ್ಲದಿದ್ದರೆ ಮೊದಲ ಸಂಜೆಗೇ ಐದು ತಿಂಗಳು ನೀರಿಗೆ ಬಿದ್ದಂತೆ. ಇದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಪೀಪಿಯ ಪರವಾಗಿ ಮಾತಾಡುವಷ್ಟು ಕೆಳಗೆ ನಾನಿನ್ನೂ ಇಳಿದಿರಲಿಲ್ಲ.

ಹೊರಡುವ ಹಿಂದಿನ ದಿನ ಟೆಲಿಕಾಂನವರು ಫೋನಿನಲ್ಲಿ ಉಪದೇಶ ಕೊಟ್ಟದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. “ಅಂಕಲ್, ಕ್ಯಾಬಿನ್‌ನಲ್ಲಿ ಇಟ್ಕೋಬೇಡಿ. ಫ್ಲೈಟಲ್ಲಿ ಸೇದ್ತೀರ ಅಂತ ಕಿರಿಕ್ ಮಾಡ್ತಾರೆ. ಚೆಕ್-ಇನ್ ಬ್ಯಾಗೇಜಿಗೆ ಹಾಕ್ಬಿಡಿ, ಟೆನ್ಷನ್ನೇ ಇಲ್ಲ.”

ಅಂಕಲ್ ಹಾಗೇ ಮಾಡಿದರು. ಅವರ ಸೂಟ್‌ಕೇಸು ಅಣ್ಣನಿಗೆ ಒಯ್ಯುವ ಉಡುಗೊರೆಗಳಿಂದ ತುಂಬಿ ತೂಕ ಮುಟ್ಟಿತ್ತು. ನನ್ನದರಲ್ಲಿ ಎರಡು ಕಿಲೋ ಬಾಕಿ ಇತ್ತು. ನಾನು ತಲೆಸ್ನಾನಕ್ಕೆ ಹೋಗಿದ್ದಾಗ ನನ್ನ ಸೂಟ್‌ಕೇಸಿಗೆ ಅದು ಸೇರಿತು. ನನಗೆ ಹೇಳಲಿಲ್ಲ. ಆದರೆ ಡಿಸ್ಪ್ಯಾಚಿನ ಮನುಷ್ಯ, ಪಟ್ಟಿಯಲ್ಲಿ ಬರೆಯದೆ ಇರುತ್ತಾರೆಯೇ.

ಮಧ್ಯಾಹ್ನದ ವಿಮಾನ. ಥಿಕಾ ರೋಡು ಅಗಲವಾಗಿ ಮೂರ್ನಾಲ್ಕು ವರ್ಷವಾಗಿತ್ತು, ಆದರೂ ಜಾಮ್ ತನ್ನ ಜಾಗ ಬಿಟ್ಟಿರಲಿಲ್ಲ. ಏರ್‌ಪೋರ್ಟಿನ ಗೇಟಿನಲ್ಲಿ ಎಲ್ಲರಂತೆ ಕಾರಿನಿಂದ ಇಳಿದು ನಡೆದು, ತಪಾಸಣೆ ಮುಗಿಸಿ, ಮತ್ತೆ ಕಾರು ಹತ್ತಿ, ಮತ್ತೆ ಇಳಿದು, ಕೊನೆಗೆ ಕೌಂಟರಿಗೆ ಬಂದೆವು. ಅಲ್ಲಿಯ ಹುಡುಗಿ ಉಗುರು ನೋಡಿಕೊಳ್ಳುತ್ತಾ, ನಿಮ್ಮ ಪೆಟ್ಟಿಗೆಯನ್ನು ನೀವೇ ಪ್ಯಾಕ್ ಮಾಡಿದ್ದಾ ಎಂದು ಕೇಳಿದಳು. ನಾನು ಯೆಸ್ ಎಂದೆ. ನಮ್ಮ ಪೈಕಿ ಇದಕ್ಕೆ ನಿಜವಾದ ಉತ್ತರ ಯಾರೂ ಕೊಡುವುದಿಲ್ಲ. ಕೊಟ್ಟರೆ, ಯಾರ ಮನೆಯ ಮೆಂತ್ಯದ ಹಿಟ್ಟು, ಯಾರ ತಂಗಿಗೆ ಕಳಿಸಿದ ಟೀ ಪುಡಿ ಎಂದು ವಂಶಾವಳಿಯನ್ನೇ ಹೇಳಬೇಕಾಗುತ್ತದೆ.

ಗೇಟಿನ ಹತ್ತಿರ ಕೂತು ಲವಂಗ ಜಗಿಯುತ್ತಿದ್ದರು ಯಜಮಾನರು. ವಿಮಾನದಲ್ಲಿ ಪೀಪಿ ಇಲ್ಲದೆ ಕಳೆಯಲು ಅವರು ಮಾಡಿಕೊಂಡಿದ್ದ ಏರ್ಪಾಡು ಅದು. ಅಷ್ಟರಲ್ಲಿ ಒಬ್ಬಾತ ಬ್ಯಾಗಿನ ಟ್ಯಾಗ್ ನಂಬರಿನ ಚೀಟಿ ಹಿಡಿದು ಬಂದು, ನನ್ನ ಹೆಸರು ಕೂಗಿದ. ಸೂಟ್‌ಕೇಸು ತೆರೆದು ನೋಡಬೇಕಂತೆ. ಯಜಮಾನರೂ ಎದ್ದರು. ಟ್ಯಾಗಿನಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಎಂದ.

“ನಿನ್ನ ಟೀ ಪುಡಿ ಪ್ಯಾಕೆಟ್ ಒಡೆದಿರ್ಬೇಕು” ಎಂದರು ಯಜಮಾನರು. “ಹನ್ನೆರಡು ಬೇಡ, ಆರು ಸಾಕು ಅಂದೆ. ಕೇಳಿದ್ಯಾ?”

ನಾನು ನಂಬಿಬಿಟ್ಟೆ. ಮಂಡಿನೋವಿನ ಕಾಲೆಳೆದುಕೊಂಡು, ಮೆಟ್ಟಿಲಿಳಿದು, ಎಲ್ಲ ತಪ್ಪೂ ನನ್ನದೇ ಎಂದುಕೊಂಡು ಹೋದೆ. ಐವತ್ತು ವರ್ಷದ ಸಂಸಾರ ಹೆಂಗಸಿಗೆ ಕಲಿಸುವ ನಡಿಗೆ ಅದು.

ಕಿಟಕಿಯಿಲ್ಲದ ಕೋಣೆ. ಮೇಜಿನ ಮೇಲೆ ನನ್ನ ಸೂಟ್‌ಕೇಸು. ಯೂನಿಫಾರಂ ತೊಟ್ಟ ಒಬ್ಬ ಯುವ ಅಧಿಕಾರಿಣಿ, ನೀಟಾಗಿ ಹೆಣೆದ ಕೂದಲು. “ಶೋಶೋ, ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದಳು. ಶೋಶೋ ಎಂದರೆ ಇಲ್ಲಿ ಅಜ್ಜಿ. ನಾನು ಬೀಗ ತೆಗೆದೆ. ಮುಚ್ಚಳ ಎತ್ತಿದೊಡನೆ ಕಂಡದ್ದು ಪಟ್ಟಿ. ಅವಳ ಮುಖ ಅರಳಿತು. ಅವಳ ನೌಕರಿಯಲ್ಲಿ ಯಾವ ಪ್ರಯಾಣಿಕರೂ ಇಷ್ಟು ಉಪಕಾರ ಮಾಡಿರಲಿಕ್ಕಿಲ್ಲ. ಬೆರಳಿಟ್ಟು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದತೊಡಗಿದಳು.

“ರೇಷ್ಮೆ ಸೀರೆ, ಮೂರು. ಪೆಟ್ಟಿಕೋಟ್, ಅಸಾರ್ಟೆಡ್, ನಾಲ್ಕು.”

ಬಾಗಿಲ ಬಳಿ ನಿಂತಿದ್ದ ಆ ಚೀಟಿಯ ಮನುಷ್ಯ ಛಾವಣಿ ನೋಡಿದ.

“ಟೀ, ಹನ್ನೆರಡು ಪ್ಯಾಕೆಟ್. ಐಟಮ್ ಹದಿನೇಳು. ಎಲೆಕ್ಟ್ರಾನಿಕ್ ಸಿಗರೇಟ್, ಸ್ವಂತ ಬಳಕೆಗೆ, ಒಂದು. ಸ್ಪೇರ್ ಬ್ಯಾಟರಿ, ಎರಡು. ಐಟಮ್ ಹದಿನೆಂಟು. ಲಿಕ್ವಿಡ್, ವಾಟರ್‌ಮೆಲನ್, ನಾಲ್ಕು ಬಾಟ್ಲಿ.”

ಓದಿ ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಬಿಳಿ ಜಡೆ, ಕುಂಕುಮ, ಇಸ್ತ್ರಿಯ ಕಾಟನ್ ಸೀರೆ. ನನ್ನ ರೇಷ್ಮೆ ಸೀರೆಯ ಮಡಿಕೆಯಿಂದ ಆ ಪೀಪಿ ಹೊರಬಂತು. ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಥೇಟ್ ನಮ್ಮ ಸಿಸ್ಟರ್.

“ಬ್ಯಾಟರಿ ಕೆಳಗಿನ ಸಾಮಾನಿನ ಜೊತೆ ಹೋಗೋ ಹಾಗಿಲ್ಲ ಶೋಶೋ” ಎಂದಳು. “ಅಲ್ಲಿ ಬೆಂಕಿ ಹತ್ತಿದ್ರೆ ನೋಡೋರಿಲ್ಲ. ಈ ಬಾಟ್ಲಿಗಳು ಇಲ್ಲೇ ಇರ್ಬಹುದು. ಇದು ಮತ್ತು ಬ್ಯಾಟರಿ ಮಾತ್ರ ನಿಮ್ಮ ಕೈಚೀಲದಲ್ಲಿ ಹೋಗ್ಬೇಕು. ಇಲ್ಲಾ, ಇಲ್ಲೇ ಬಿಟ್ಟು ಹೋಗಿ. ಒಂದು ಸಹಿ ಸಾಕು.”

ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಲೈಟರುಗಳು, ಕತ್ತರಿಗಳು, ಯಾರದೋ ಪವರ್ ಬ್ಯಾಂಕು. ಐದು ತಿಂಗಳಿಂದ ನಾನು ಮನಸ್ಸಿನಲ್ಲೇ ಆ ಪೀಪಿಯನ್ನು ಎಸೆಯದ ಜಾಗವಿರಲಿಲ್ಲ: ಕಮೋಡಿಗೆ, ಬಾಲ್ಕನಿಯಿಂದ ಕೆಳಗೆ, ಓಡುವ ಮಟಾಟು ವ್ಯಾನಿನ ಚಕ್ರದಡಿಗೆ. ಈಗ ಸರ್ಕಾರವೇ ಪೆಟ್ಟಿಗೆ ಇಟ್ಟು, ಪೆನ್ನು ಕೊಟ್ಟು, ಕುರ್ಚಿ ಹಾಕಿ ಕೂರಿಸಿತ್ತು. ಅವರು ಮೇಲೆ ಲವಂಗ ಜಗಿಯುತ್ತಿದ್ದರು. ಏರ್‌ಪೋರ್ಟಿನವರು ಕಿತ್ತುಕೊಂಡರು ಎಂದರೆ ಮುಗಿಯಿತು. ನನ್ನ ಮೇಲೆ ತಪ್ಪೂ ಬರುತ್ತಿರಲಿಲ್ಲ.

ಪೆನ್ನು ಹಿಡಿದೆ. ಆದರೆ ಕಣ್ಣೆದುರು ಬಂದದ್ದು ನೀರಿನ ಟ್ಯಾಂಕಿನ ಹಿಂದಿನ ಆ ಮುಖ, ಹೊಗೆಯಾಡುವ ಆ ಜೇಬು. ಅದರ ಹಿಂದೆಯೇ ಟೆರೇಸಿನ ಮೆಟ್ಟಿಲು, “ಬಾರೋ ಮೇಲೆ.”

“ಇದು ನಿಮ್ಮದೇನಾ?” ಎಂದು ಕೇಳಿದಳು. ಗಂಡನದು ಎಂದರೆ, ಮತ್ತೆ ಪೆಟ್ಟಿಗೆ ನಾನೇ ಪ್ಯಾಕ್ ಮಾಡಿದ್ದು ಎಂದದ್ದು ಏನಾಯಿತು ಎಂದು ಕೇಳುತ್ತಾಳೆ. ಅವರನ್ನೂ ಕರೆಸುತ್ತಾಳೆ. ಅವರು ಬಂದರೆ ಕಾರ್ಬನ್ ಪ್ರತಿ ತೆಗೆದು ವಾದಕ್ಕೆ ನಿಲ್ಲುತ್ತಾರೆ, ವಿಮಾನ ಹೋಗುತ್ತದೆ.

“ನನ್ನದೇ” ಎಂದೆ. ಕಾನ್ವೆಂಟಿನ ಇಂಗ್ಲಿಷಿನಲ್ಲಿ, ಬೆನ್ನು ನೆಟ್ಟಗೆ ಮಾಡಿ.

“ನೀವೇ ಸೇದ್ತೀರಾ?”

“ದಿನಾ.”

“ವಾಟರ್‌ಮೆಲನ್?”

“ಮಾವಿನಹಣ್ಣಿನದು ನನಗೆ ಹಿಡಿಸಲಿಲ್ಲ.”

ಬಾಗಿಲ ಬಳಿಯವನು ಕೆಮ್ಮಿಗೆ ಬಿದ್ದ. ಅವಳು ಮಾತ್ರ ನಗಲಿಲ್ಲ. “ಪೊಲೇ ಶೋಶೋ” ಎಂದಳು, ಅಯ್ಯೋ ಪಾಪ ಎನ್ನುವ ದನಿಯಲ್ಲಿ. “ನಮ್ಮಮ್ಮನೂ ನಶ್ಯ ಬಿಡೋಕೆ ಒದ್ದಾಡ್ತಿದಾಳೆ. ಕಷ್ಟ.” ಇಷ್ಟು ವರ್ಷ ಬೆಳಗಿನ ಜಾವ ಎದ್ದು, ಉಪವಾಸ ಮಾಡಿ, ಒಂದು ದುಶ್ಚಟವೂ ಇಲ್ಲದೆ ಬದುಕಿದ್ದಕ್ಕೆ ಯಾರೂ ನನ್ನ ಕೈ ಸವರಿರಲಿಲ್ಲ. ಇಲ್ಲದ ಚಟಕ್ಕೆ ಆ ಹುಡುಗಿ ಸವರಿದಳು. ಲೋಕ ನಡೆಯುವುದು ಹೀಗೆಯೇ.

ಹ್ಯಾಂಡ್‌ಬ್ಯಾಗು ತೆರೆದೆ. ಕರ್ಚೀಫು, ಬಾಚಣಿಗೆ, ಪೆನ್ನು, ನೋಟ್‌ಬುಕ್ಕು. ಬ್ಯಾಟರಿಗಳನ್ನು ಅವಳು ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಟ್ಟಳು. ಪೀಪಿಯನ್ನು ನಾನು ಕರ್ಚೀಫಿನಲ್ಲಿ ಸುತ್ತಿದೆ. ಇಸ್ತ್ರಿ ಮಾಡಿದ ಕರ್ಚೀಫು. ಅಸಾಂಟೆ ಎಂದು ಧನ್ಯವಾದ ಹೇಳಿ ಮೆಟ್ಟಿಲು ಹತ್ತಿದೆ.

“ಟೀ ಪುಡಿ ತಾನೇ?” ಎಂದರು ಯಜಮಾನರು.

“ಹೌದು.”

“ನಾನು ಹೇಳ್ಲಿಲ್ವಾ.”

ವಿಮಾನ ಮೇಲೇರಿ, ಊಟ ಬಂದು, ತಟ್ಟೆ ಹೋದರೂ ಅವರು ಟೀ ಪುಡಿಯನ್ನು ಬಿಡಲಿಲ್ಲ. ಪ್ಯಾಕೆಟ್ಟಿನ ಮೇಲೆ ಪ್ಯಾಕೆಟ್ಟು ಹೇಗಿಡಬೇಕು, ಮೂಲೆಗೆ ಏನು ತುಂಬಬೇಕು, ಫ್ಯಾಕ್ಟರಿಯಲ್ಲಿ ತನ್ನ ಕೈಯಿಂದ ಹೋದ ಒಂದು ಡಬ್ಬಿಯೂ ಒಡೆದದ್ದಿಲ್ಲ ಎಂಬ ಪುರಾಣ. ನಾನು ಮಡಿಲಲ್ಲಿ ಹ್ಯಾಂಡ್‌ಬ್ಯಾಗು ಇಟ್ಟುಕೊಂಡು ಹೂಂ ಎನ್ನುತ್ತಿದ್ದೆ. ಅವರನ್ನು ಸ್ವಲ್ಪ ಬೇಯಿಸುವ ಹಕ್ಕು ನನಗಿತ್ತು.

ಗಲ್ಫಿನ ಏರ್‌ಪೋರ್ಟಿನಲ್ಲಿ ಐದು ಗಂಟೆ ಕಾಯಬೇಕು. ಲವಂಗದ ಡಬ್ಬಿ ಖಾಲಿಯಾಗಿತ್ತು. ಅವರ ಬೆರಳುಗಳು ಕುರ್ಚಿಯ ಕೈಯ ಮೇಲೆ ತಬಲ ಬಾರಿಸುತ್ತಿದ್ದವು. “ಕಾಲು ಹಿಡ್ಕೊಂಡಿದೆ, ಸ್ವಲ್ಪ ನಡ್ಕೊಂಡು ಬರ್ತೀನಿ” ಎಂದು ಎದ್ದರು. ಅಂಗಡಿಗಳ ಸಾಲಿನ ಕೊನೆಗೆ ಗಾಜಿನ ಗೋಡೆಯ ಸ್ಮೋಕಿಂಗ್ ರೂಮ್ ಇತ್ತು. ಅದರೊಳಗೆ ಹತ್ತಿಪ್ಪತ್ತು ಗಂಡಸರು ಮೀನಿನ ತೊಟ್ಟಿಯಲ್ಲಿದ್ದವರಂತೆ ಬಾಯಿ ತೆರೆದು ಮುಚ್ಚುತ್ತಿದ್ದರು. ಇವರು ಹೊರಗೆ ನಿಂತರು. ಹಿಂದಕ್ಕೆ ಬಂದರು. ಮತ್ತೆ ಹೋಗಿ ನಿಂತರು. ಒಳಗಿನಿಂದ ಒಬ್ಬ ಅಪರಿಚಿತ ಬಾಗಿಲು ತೆರೆದು, ಇಂಥವರ ಕಷ್ಟ ಬಲ್ಲವನಂತೆ, ಪ್ಯಾಕೆಟ್ ಚಾಚಿದ. ಇವರ ಕೈ ಮುಂದಾಯಿತು.

ನಾನು ಎದ್ದದ್ದು ನೆನಪಿದೆ, ನಡೆದದ್ದು ನೆನಪಿಲ್ಲ. ಮಂಡಿ ಆ ಹೊತ್ತಿಗೆ ರಜೆ ಹಾಕಿತ್ತೋ ಏನೋ. ನಾನು ತಲುಪಿದಾಗ ಸಿಗರೇಟು ಅವರ ಬೆರಳುಗಳ ನಡುವೆ ಇತ್ತು, ಇನ್ನೂ ಹಚ್ಚಿರಲಿಲ್ಲ. ಹ್ಯಾಂಡ್‌ಬ್ಯಾಗಿನಿಂದ ಕರ್ಚೀಫು ತೆಗೆದು ಬಿಚ್ಚಿ ಹಿಡಿದೆ.

“ನಿಮ್ಮ ಹದಿನೇಳನೇ ಐಟಮ್” ಎಂದೆ.

ಅವರು ಪೀಪಿಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಬಹಳ ಹೊತ್ತು ಹ್ಯಾಂಡ್‌ಬ್ಯಾಗನ್ನು ನೋಡಿದರು.

“ಇದ್ರೊಳಗೆ ಇಟ್ಕೊಂಡ್ಯಾ?”

“ನಿಮ್ಮ ಜೇಬು ಕೆಳಗಡೆ ಕೋಣೆಗೆ ಬಂದಿರ್ಲಿಲ್ಲವಲ್ಲ.”

“ಮತ್ತೆ ಟೀ ಪುಡಿ?”

“ಟೀ ಪುಡಿ ಭದ್ರವಾಗಿದೆ. ನೀವು ಆ ಮನುಷ್ಯರಿಗೆ ಅವರ ಸಿಗರೇಟು ವಾಪಸ್ ಕೊಡಿ ಮೊದಲು.”

ಕೊಟ್ಟರು. ಕೊಟ್ಟು, ಪೀಪಿ ತೆಗೆದುಕೊಂಡು, ಒಳಗೆ ಹೋಗುವ ಮೊದಲು ಅವರು ಮಾಡಿದ ಕೆಲಸ ಯಾವುದು ಎಂದರೆ ಯಾರೂ ನಂಬುವುದಿಲ್ಲ. ಜೇಬಿನಿಂದ ಕಾರ್ಬನ್ ಪ್ರತಿ ತೆಗೆದು, ಗಾಜಿನ ಗೋಡೆಗೆ ಒತ್ತಿ ಹಿಡಿದು, ನನ್ನ ಪೆನ್ನು ಕೇಳಿ, ಹದಿನೇಳನೆಯ ಸಾಲನ್ನು ಹೊಡೆದು ಹಾಕಿದರು. ಪಕ್ಕದಲ್ಲಿ ‘ಹ್ಯಾಂಡ್ ಲಗೇಜಿಗೆ ವರ್ಗಾವಣೆ’ ಎಂದು ಬರೆದರು. “ಇಲ್ಲೊಂದು ಇನಿಶಿಯಲ್ ಹಾಕು” ಎಂದರು. ಥ್ಯಾಂಕ್ಯೂ ಎನ್ನಲಿಲ್ಲ. ನಾನು ಇನಿಶಿಯಲ್ ಹಾಕಿದೆ.

ಬೆಂಗಳೂರಿನಲ್ಲಿ ಮೊದಲ ಸಂಜೆಯೇ “ಬಾರೋ ಮೇಲೆ” ಬಂತು. ನಾನು ಒಣಗಿದ ಬಟ್ಟೆ ತರುವ ನೆಪದಲ್ಲಿ ಟೆರೇಸಿನ ಮೆಟ್ಟಿಲ ಮೇಲೆ ನಿಂತೆ.

“ಏನೋ ಇದು, ತುತ್ತೂರಿ?” ಭಾವನವರ ದನಿ. “ಕೆಮ್ಮಿನ ಸಿರಪ್ ವಾಸನೆ ಹೊಡೀತದಲ್ಲೋ. ಬಿಸಾಕು ಅತ್ಲಾಗೆ, ತಗೋ ಇದನ್ನ.”

ಆಮೇಲೆ ನಮ್ಮವರ ದನಿ. “ಬೇಡಣ್ಣ. ಇದನ್ನ ಅವಳು ಹೊತ್ಕೊಂಡು ಬಂದಿದಾಳೆ.”

ಭಾವನವರು ನಕ್ಕರು. ನನಗೂ ಆ ಪೀಪಿಯ ಬಗ್ಗೆ ಅಷ್ಟೇ ನಗು ಬರುತ್ತದೆ. ಆದರೂ ಆ ಗಳಿಗೆಯಲ್ಲಿ, ಎಂಬತ್ತು ತುಂಬಿದ ಆ ಹಿರಿಯರ ಕೈಯಿಂದ ಪ್ಯಾಕೆಟ್ ಕಿತ್ತು ಕೆಳಗೆಸೆಯುವಷ್ಟು ಕೋಪ ಬಂತು. ಬಟ್ಟೆ ಬಿಟ್ಟು ಇಳಿದು ಬಂದೆ. ಓರಗಿತ್ತಿ ನನ್ನ ಹ್ಯಾಂಡ್‌ಬ್ಯಾಗಿನ ಹತ್ತಿರ ಮೂಗೆಳೆದು, “ಯಾವ ಸೆಂಟು ಇದು, ಹಣ್ಣಿನಂಗಡಿ ಥರ?” ಎಂದಳು. ಫಾರಿನ್ನಿನದು ಎಂದೆ.

ಮೂರು ವಾರ ಕಳೆದು ಹೊರಡುವ ಹಿಂದಿನ ದಿನ, ಯಜಮಾನರು ಎಂದಿನಂತೆ ಕಾರ್ಬನ್ ಇಟ್ಟು ಪಟ್ಟಿ ಬರೆದರು. ಈ ಸಲ ಕೆಳಗೆ ಒಂದು ಹೊಸ ಅಂಕಣ: ಹ್ಯಾಂಡ್‌ಬ್ಯಾಗ್. ಎಲೆಕ್ಟ್ರಾನಿಕ್ ಸಿಗರೇಟ್, ಒಂದು. ಸ್ಪೇರ್ ಬ್ಯಾಟರಿ, ಎರಡು. ಒಯ್ಯುವವರು, ಹೆಂಡತಿ. ಕೇಳಲಿಲ್ಲ, ಹೇಳಲಿಲ್ಲ, ಬರೆದುಬಿಟ್ಟಿದ್ದರು. ಅವರು ಟೇಪು ಹುಡುಕಲು ಎದ್ದಾಗ ನಾನು ಪೆನ್ನು ತೆಗೆದು, ಕಾನ್ವೆಂಟಿನ ಓರೆ ಅಕ್ಷರದಲ್ಲಿ, ಹೆಂಡತಿ ಎಂಬುದರ ಮುಂದೆ ಎರಡು ಪದ ಸೇರಿಸಿದೆ: ಅಂಡರ್ ಪ್ರೊಟೆಸ್ಟ್. ಮೂರು ಪ್ರತಿಗೂ ಮೂಡುವ ಹಾಗೆ ಒತ್ತಿ ಬರೆದೆ.